ಸಾಲ ಮಾಡದೆ ಮಗಳ ಮದುವೆ ಮಾಡಿದ್ದು

ನಮ್ಮ ಮಗಳ ಮದುವೆಯನ್ನು ಮಂತ್ರ ಮಾಂಗಲ್ಯ ಅನ್ನುವ, ಪುರೋಹಿತರಿಲ್ಲದ ಸರಳ ಮದುವೆಯ ರೀತಿಯಲ್ಲಿ, ಊರಿನ ಸಮುದಾಯ ಭವನದಲ್ಲಿ, ಹತ್ತಿರದವರನ್ನು ಮಾತ್ರ ಕರೆದು ಮಾಡಿದೆವು. ಕೈಸಾಲ ಮಾಡಲಿಲ್ಲ, ಒಡವೆ ಅಡ ಇಡಲಿಲ್ಲ. "ಬೀಗರು ಹೇಗೆ ಒಪ್ಪಿದ್ರು?" ಅಂತ ತುಂಬ ಜನ ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಹಾಸನದ ಕಡೆ ಮದುವೆ ಅಂದರೆ ಛತ್ರ, ಹಿಂದಿನ ಸಂಜೆ ರಿಸೆಪ್ಷನ್, ಬೆಳಗ್ಗೆ ಧಾರೆ, ಆಮೇಲೆ ಬೀಗರ ಊಟ. ಈಗ ಇದರ ಮೇಲೆ ಪ್ರೀ-ವೆಡ್ಡಿಂಗ್ ಶೂಟ್, ಡ್ರೋನ್, ಮೆಹಂದಿ, ಒಂದೊಂದಕ್ಕೂ ಬೇರೆ ಬೇರೆ ಬಟ್ಟೆ. ಇಷ್ಟೆಲ್ಲ ಬೇಕು ಅನ್ನುವ ಆಸೆ ಎಲ್ಲರಿಗೂ ಇದೆ ಅಂತ ನನಗನಿಸುವುದಿಲ್ಲ. ಇರುವುದು ಭಯ. ಅವರ ಮನೆಯಲ್ಲಿ ಹಾಗೆ ಮಾಡಿದರು, ನಾವು ಕಡಿಮೆ ಮಾಡಿದರೆ ಜನ ಏನಂತಾರೆ ಅನ್ನುವ ಭಯ. ಒಂದು ಮನೆಯ ಮದುವೆ ಮುಂದಿನ ಮನೆಗೆ ಅಳತೆಗೋಲು. ಪ್ರತಿ ಸಲವೂ ಆ ಕೋಲು ಉದ್ದವಾಗುತ್ತಲೇ ಹೋಗುತ್ತದೆ.

ನಮ್ಮ ಸಂಬಂಧಿಕರೊಬ್ಬರು ಮಗಳ ಮದುವೆಗೆ ತೆಂಗಿನ ತೋಟದ ಒಂದು ಭಾಗ ಮಾರಿದರು. ಆಮೇಲೆ ಆ ಹುಡುಗಿ ತವರಿಗೆ ಬರುವುದೇ ಕಡಿಮೆಯಾಯಿತು. "ಅಪ್ಪನ ಮುಖ ನೋಡಿದ್ರೆ ತೋಟ ನೆನಪಾಗುತ್ತೆ ಚಿಕ್ಕಮ್ಮ" ಅಂದಳು. ಅಪ್ಪನೋ, ಊರಿನ ಬೇರೆ ಮದುವೆಗಳಿಗೆ ಹೋಗುವುದನ್ನೇ ಬಿಟ್ಟರು. ಮುಯ್ಯಿ ಹಾಕಲು ದುಡ್ಡಿರಲಿಲ್ಲ. ಜನ ಮೆಚ್ಚಲಿ ಅಂತ ಮಾಡಿದ ಖರ್ಚು ಅವರನ್ನು ಜನರಿಂದಲೇ ದೂರ ಮಾಡಿತು. ಇದನ್ನು ನೋಡಿದ ಮೇಲೆ ನಾನೂ ನನ್ನ ಮಗಳೂ ಗಟ್ಟಿ ಮನಸ್ಸು ಮಾಡಿದೆವು.

ಮೊದಲ ಕೆಲಸ ಬೀಗರ ಹತ್ತಿರ ಬಾಯಿಬಿಟ್ಟು ಹೇಳುವುದು. ನಿಶ್ಚಿತಾರ್ಥಕ್ಕೂ ಮುಂಚೆಯೇ ಹೇಳಬೇಕು, ಆಮೇಲೆ ಆಗುವುದಿಲ್ಲ. ಹುಡುಗನ ತಾಯಿಗೆ ನಾನೇ ಹೇಳಿದೆ: "ನೋಡಿ ಅಕ್ಕ, ನಮ್ಮ ಕೈಲಿರೋದು ಇಷ್ಟು. ಇದರಲ್ಲೇ ಮದುವೆ ಆಗಬೇಕು, ಮಿಕ್ಕಿದ್ದು ಇವರಿಬ್ಬರ ಬಾಡಿಗೆ ಮನೆ ಅಡ್ವಾನ್ಸಿಗೆ." ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ದೊಡ್ಡ ಮಗನ ಮದುವೆಯ ಸಾಲ ಇನ್ನೂ ತೀರಿಲ್ಲ ಅಂದರು. "ನಾವೇ ಹೇಳೋಣ ಅಂತಿದ್ವಿ. ನೀವು ಏನಂದುಕೊಳ್ತೀರೋ ಅಂತ ಸುಮ್ನಿದ್ವಿ." ಎರಡೂ ಮನೆಯವರು ಒಬ್ಬರಿಗೊಬ್ಬರು ಹೆದರಿಕೊಂಡು ಕೂತಿದ್ದೆವು, ಅಷ್ಟೇ!

ಮಂತ್ರ ಮಾಂಗಲ್ಯವನ್ನು ರೂಪಿಸಿದವರು ಕುವೆಂಪು. 1966ರಲ್ಲಿ ಅವರ ಮಗ ತೇಜಸ್ವಿ ಮತ್ತು ರಾಜೇಶ್ವರಿಯವರ ಮದುವೆ ಹೀಗೇ ನಡೆಯಿತು. ಪುರೋಹಿತರು ಬೇಡ, ವರದಕ್ಷಿಣೆ ಇಲ್ಲ, ಮುಹೂರ್ತ ನೋಡುವಂತಿಲ್ಲ. ಮಂತ್ರ ಮಾಂಗಲ್ಯದ ಮಾತುಗಳನ್ನು ನಮ್ಮ ಭಾವ ಓದಿ ಹೇಳಿದರು, ಹುಡುಗ ಹುಡುಗಿ ಪ್ರಮಾಣ ಮಾಡಿದರು. ಮುಹೂರ್ತ ಬಿಟ್ಟಿದ್ದರಿಂದ ನಮಗೆ ಬೇಕಾದ ಭಾನುವಾರ ಸಿಕ್ಕಿತು. ಒಳ್ಳೆಯ ಲಗ್ನ ಇರುವ ದಿನಗಳಲ್ಲಿ ಛತ್ರಕ್ಕೂ ಅಡುಗೆಯವರಿಗೂ ಎಂಥ ನೂಕುನುಗ್ಗಲು ಅಂತ ಮದುವೆ ಮಾಡಿದವರಿಗೆಲ್ಲ ಗೊತ್ತು, ಅಲ್ವಾ?

ಕಾನೂನಿನ ಕಡೆಯೂ ಗಮನ ಇರಲಿ. ಹಿಂದೂ ವಿವಾಹ ಕಾಯ್ದೆಯಡಿ ಬರೀ ನೋಂದಣಿ ಸಾಲದು, ಮದುವೆಯ ಶಾಸ್ತ್ರ ನಡೆದಿರಬೇಕು ಅಂತ 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ ಅದು. ಮದುವೆ ಅಂದರೆ ಹಾಡು ಕುಣಿತ, ಊಟ ಕುಡಿತದ ಸಮಾರಂಭವಲ್ಲ ಅಂತಲೂ ಅದೇ ತೀರ್ಪಿನಲ್ಲಿದೆ. ನಮ್ಮಲ್ಲಿ ಸಪ್ತಪದಿ ಇರಲಿಲ್ಲ. ಹಾಗಾಗಿ 1954ರ ವಿಶೇಷ ವಿವಾಹ ಕಾಯ್ದೆಯಡಿ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಕಾನೂನಿನ ಮದುವೆ ಮಾಡಿಸಿದೆವು. ಮೊದಲು ನೋಟಿಸ್ ಕೊಟ್ಟು 30 ದಿನ ಕಾಯಬೇಕು, 3 ಸಾಕ್ಷಿಗಳ ಸಹಿ ಬೇಕು.

ಊಟ ಎಲೆಯಲ್ಲೇ ಬಡಿಸಿದೆವು. ಪಲ್ಯ, ಕೋಸಂಬರಿ, ಅನ್ನ ಸಾರು, ಒಂದು ಪಾಯಸ. ಬೆಂಗಳೂರಿನ ಛತ್ರಗಳಲ್ಲಿ ವರ್ಷಕ್ಕೆ 943 ಟನ್ ಆಹಾರ ಹಾಳಾಗುತ್ತದೆ ಅಂತ ಅಲ್ಲಿನ ಕೃಷಿ ವಿಶ್ವವಿದ್ಯಾಲಯದವರು ಲೆಕ್ಕ ಹಾಕಿದ್ದರು. ಅದನ್ನು ಓದಿದಾಗಲೇ ನನಗೆ ಹೊಟ್ಟೆ ಉರಿದಿತ್ತು. ಒಡವೆಯಲ್ಲಿ ತಾಳಿ ಮಾತ್ರ ಹೊಸದು, ಉಳಿದದ್ದು ನನ್ನದೇ.

ಕಷ್ಟವಾಗಿದ್ದು ಮುಯ್ಯಿ ವಿಷಯ. ಹಿಂದೆ ಅದು ಒಳ್ಳೆಯ ಪದ್ಧತಿ, ಮದುವೆ ಮನೆಯ ಖರ್ಚಿಗೆ ಊರೇ ಹೆಗಲು ಕೊಡುತ್ತಿತ್ತು. ಈಗ ಯಾರು ಎಷ್ಟು ಹಾಕಿದರು ಅಂತ ಬರೆದಿಟ್ಟು, ಅದಕ್ಕಿಂತ ಜಾಸ್ತಿ ವಾಪಸ್ ಹಾಕಬೇಕು. ಕಾರ್ಡಿನಲ್ಲಿ "ಉಡುಗೊರೆ ಬೇಡ" ಅಂತ ಅಚ್ಚು ಹಾಕಿಸಿದ್ದಕ್ಕೆ ನನ್ನ ಸೋದರಮಾವ ನೊಂದುಕೊಂಡರು. "ಮುಯ್ಯಿ ಬೇಡ ಅಂದ್ರೆ ನಾವೂ ಬೇಡ ಅಂತಾನೇನಮ್ಮ?" ಅವರ ಮಾತಿನಲ್ಲಿ ನ್ಯಾಯ ಇತ್ತು. ಕೊನೆಗೆ ಹಿರಿಯರಿಂದ ಎಲೆ ಅಡಿಕೆ ಜೊತೆ ಹನ್ನೊಂದು ರೂಪಾಯಿ ಮಾತ್ರ ತೆಗೆದುಕೊಂಡೆವು. ಪುಸ್ತಕ ಇಡಲಿಲ್ಲ, ಯಾರ ಹೆಸರನ್ನೂ ಬರೆಯಲಿಲ್ಲ.

ಕರೆಯಲಾಗದವರ ಮನೆಗೆ ಆಮೇಲೆ ಮಗಳು ಅಳಿಯನನ್ನು ನಾವೇ ಕರೆದುಕೊಂಡು ಹೋದೆವು. ಕಾಫಿ ಕುಡಿಯುತ್ತಾ ಕೂತು ಮಾತಾಡಿದೆವು. ಛತ್ರದ ಸಾಲಿನಲ್ಲಿ ನಿಂತು ಫೋಟೋ ತೆಗೆಸಿಕೊಂಡು ಹೋಗುವುದಕ್ಕಿಂತ ಇದು ಅವರಿಗೂ ಹಿತವಾಯಿತು ಅಂತ ಕಂಡಿತು. ಎಲ್ಲರೂ ಒಪ್ಪಿದರು ಅಂತ ಹೇಳಲಾರೆ. ನನ್ನ ಅಣ್ಣನ ಮನೆಯವರು ಈಗಲೂ ಸರಿಯಾಗಿ ಮಾತಾಡುತ್ತಿಲ್ಲ, ಅದು ನನಗೆ ನೋವೇ. ಆದರೆ ಅದೇ ಅಣ್ಣನ ಮಗಳು ಮೊನ್ನೆ ಫೋನ್ ಮಾಡಿ, ನೋಟಿಸ್ ಕೊಡಲು ಏನೇನು ಕಾಗದ ಬೇಕು ಅತ್ತೆ ಅಂತ ಕೇಳಿದಳು. ಇಬ್ಬರ ವಯಸ್ಸಿನ ದಾಖಲೆ, ವಿಳಾಸದ ದಾಖಲೆ, ಫೋಟೋ ಇಟ್ಟುಕೋ ಅಂದೆ. ಇಬ್ಬರಲ್ಲಿ ಒಬ್ಬರಾದರೂ ನೋಟಿಸ್ ಕೊಡುವ ಜಿಲ್ಲೆಯಲ್ಲಿ ಕನಿಷ್ಠ 30 ದಿನದಿಂದ ಇರಬೇಕು, ಅದನ್ನು ಮೊದಲು ನೋಡಿಕೋ ಅಂತಲೂ ಹೇಳಿದ್ದೇನೆ.