ಉಪ್ಪು ಎಷ್ಟು ಸಾಕು? ಮಿನೆಸೋಟದ ಸಣ್ಣ ಊರಲ್ಲಿ ಹಿಮ ತೆಗೆಯುವ ಕೆಲಸ

ಅಮೆರಿಕದ ಮಿನೆಸೋಟ ರಾಜ್ಯದ ಒಂದು ಪುಟ್ಟ ಊರಿನ ಲೋಕೋಪಯೋಗಿ ವಿಭಾಗದಲ್ಲಿ ನನ್ನ ಕೆಲಸ. ಬೇಸಿಗೆಯಲ್ಲಿ ರಸ್ತೆಗುಂಡಿ, ಒಳಚರಂಡಿ, ಪಾರ್ಕಿನ ಹುಲ್ಲು ನೋಡಿಕೊಳ್ಳುತ್ತೇವೆ. ನವೆಂಬರ್ ಬಂತೆಂದರೆ ಏಪ್ರಿಲ್‌ವರೆಗೂ ಹಿಮದ್ದೇ ಚಿಂತೆ. ನಮ್ಮಲ್ಲಿರುವುದು ಕೆಲವೇ ಪ್ಲೋ ಲಾರಿಗಳು (ಹಿಮ ಹೆರೆದು ಪಕ್ಕಕ್ಕೆ ತಳ್ಳಲು ಮುಂದೆ ದೊಡ್ಡ ಬ್ಲೇಡು ಇರುವಂಥವು), ರಸ್ತೆ ಹೆರೆದು ಸಮ ಮಾಡುವ ಒಂದು ಗ್ರೇಡರ್, ಫುಟ್‌ಪಾತಿಗೆಂದು ಒಂದು ಚಿಕ್ಕ ಯಂತ್ರ. ರಾತ್ರಿ ಪಾಳಿಗೆ ಬೇರೆ ಜನ ಇಲ್ಲ. ಹಗಲು ನೀರಿನ ಪೈಪ್ ರಿಪೇರಿ ಮಾಡಿದವರೇ ಬೆಳಗಿನ ಜಾವ ಎರಡು ಗಂಟೆಗೆ ಎದ್ದು ಲಾರಿ ಹತ್ತಬೇಕು.

ಹೊಸದಾಗಿ ಬಂದ ಕನ್ನಡದ ಗೆಳೆಯರು ಅಂದುಕೊಳ್ಳುವುದು, ಉಪ್ಪು ಸುರಿದರೆ ಹಿಮವೆಲ್ಲ ಕರಗಿಹೋಗುತ್ತದೆ ಎಂದು. ಹಾಗಲ್ಲ. ಹಿಮ ತೆಗೆಯುವುದು ಬ್ಲೇಡು. ಐಸ್ ಡಾಂಬರನ್ನು ಕಚ್ಚಿಕೊಳ್ಳದಂತೆ ತಡೆಯಲು ಉಪ್ಪು. ಕಚ್ಚಿಕೊಳ್ಳದಿದ್ದರೆ ಬ್ಲೇಡು ಒಂದೇ ಸಲಕ್ಕೆ ರಸ್ತೆಯ ತನಕ ಹೆರೆದುಕೊಂಡು ಹೋಗುತ್ತದೆ. ಕಚ್ಚಿಕೊಂಡಿತೋ, ಅದನ್ನು ಬಿಡಿಸಲು ಹಲವು ಪಟ್ಟು ಉಪ್ಪು ಬೇಕು, ಸಮಯವೂ ಬೇಕು. ನಮ್ಮ ಇಡೀ ವ್ಯವಸ್ಥೆ ನಿಂತಿರುವುದು ಇದರ ಮೇಲೆಯೇ.

ಹಾಗಾಗಿ ಕೆಲಸ ಶುರುವಾಗುವುದು ಅಕ್ಟೋಬರಿನಲ್ಲಿ, ಷೆಡ್ಡಿನೊಳಗೆ. ಪ್ರತಿ ಲಾರಿಯ ಹಿಂದೆ ಉಪ್ಪನ್ನು ಹೊರಗೆ ತಳ್ಳುವ ಒಂದು ತಿರುಪು ಇರುತ್ತದೆ. ಅದರ ಬಾಯಿಗೆ ಬಕೆಟ್ ಹಿಡಿದು, ಒಂದೊಂದು ಸೆಟ್ಟಿಂಗಿನಲ್ಲೂ ನಿಮಿಷಕ್ಕೆ ಎಷ್ಟು ಸುತ್ತು ತಿರುಗಿತು, ಒಂದು ಸುತ್ತಿಗೆ ಎಷ್ಟು ಉಪ್ಪು ಬಿತ್ತು ಎಂದು ತೂಗಿ ಬರೆದುಕೊಳ್ಳುತ್ತೇವೆ. ಆ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದು, ಪ್ಲಾಸ್ಟಿಕ್ ಹೊದಿಸಿ, ಡ್ರೈವರನ ಕಣ್ಣೆದುರಿಗೆ ಅಂಟಿಸುತ್ತೇವೆ. ಒಂದೇ ಕಂಪನಿಯ ಎರಡು ಲಾರಿಗಳು ಒಂದೇ ಸೆಟ್ಟಿಂಗಿನಲ್ಲಿ ಬೇರೆ ಬೇರೆ ಪ್ರಮಾಣ ಸುರಿಯುವುದುಂಟು. ತೂಗದೆ ಇದು ಗೊತ್ತಾಗುವುದೇ ಇಲ್ಲ. ಯಾವ ದುಬಾರಿ ಯಂತ್ರಕ್ಕಿಂತಲೂ ಈ ಬಕೆಟ್ಟು ತಕ್ಕಡಿಯೇ ನಮ್ಮ ಊರಿನ ಉಪ್ಪನ್ನು ಉಳಿಸಿದೆ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಹಿಮ ಬರುತ್ತದೆಂಬ ಮುನ್ಸೂಚನೆ ಸಿಕ್ಕರೆ ಮೊದಲೇ ರಸ್ತೆಗೆ ಉಪ್ಪುನೀರು ಬಿಡುತ್ತೇವೆ. ದೋಸೆ ಹುಯ್ಯುವ ಮೊದಲು ಕಾವಲಿಗೆ ಎಣ್ಣೆ ಸವರುತ್ತೇವಲ್ಲ, ಅದೇ ಉಪಾಯ. ಉಪ್ಪುನೀರಿಗೂ ಹದವಿದೆ: ತೂಕದಲ್ಲಿ ಶೇ 23.3 ಉಪ್ಪು ಇದ್ದಾಗ ಅದು ಮೈನಸ್ 21 ಡಿಗ್ರಿ ಸೆಲ್ಸಿಯಸ್‌ವರೆಗೂ ಗಟ್ಟಿಯಾಗುವುದಿಲ್ಲ. ಉಪ್ಪು ಅದಕ್ಕಿಂತ ಕಡಿಮೆಯಾದರೂ ಸರಿ, ಜಾಸ್ತಿಯಾದರೂ ಸರಿ, ಬೇಗ ಹೆಪ್ಪುಗಟ್ಟುತ್ತದೆ. ಹಿಮಕ್ಕೆ ಮುಂಚೆ ಮಳೆ ಬರುವ ಸೂಚನೆ ಇದ್ದರೆ ಲಾರಿ ಹೊರಡಿಸುವುದಿಲ್ಲ. ಎಲ್ಲ ಕೊಚ್ಚಿಕೊಂಡು ಹೋಗುತ್ತದೆ.

ಹಿಮ ಶುರುವಾದ ಮೇಲೆ ನಾವು ಮೊದಲು ನೋಡುವುದು ರಸ್ತೆಯ ಮೈ ಎಷ್ಟು ತಣ್ಣಗಿದೆ ಎಂದು, ಗಾಳಿಯ ತಾಪಮಾನವನ್ನಲ್ಲ. ಲಾರಿಯ ಹೊರಬದಿಗೆ ಇನ್‌ಫ್ರಾರೆಡ್ ಸೆನ್ಸರ್ ಇದೆ, ಓಡುತ್ತಿರುವಾಗಲೇ ಅಂಕಿ ತೋರಿಸುತ್ತದೆ. ಬಿಸಿಲು ಬಿದ್ದ ರಸ್ತೆಗೂ ಮರದ ನೆರಳಿನ ರಸ್ತೆಗೂ ಎಷ್ಟೋ ಡಿಗ್ರಿ ವ್ಯತ್ಯಾಸ. ಸೇತುವೆಗಳಿಗೆ ಮೇಲಿನಿಂದಲೂ ಕೆಳಗಿನಿಂದಲೂ ಗಾಳಿ ತಾಗುವುದರಿಂದ ಅವೇ ಮೊದಲು ಹೆಪ್ಪುಗಟ್ಟುತ್ತವೆ. ಈ ಅಂಕಿಗೆ ಯಾಕಿಷ್ಟು ಬೆಲೆ ಎಂದರೆ, ಮೈನಸ್ 1 ಡಿಗ್ರಿಯಲ್ಲಿ ಒಂದು ಕಿಲೋ ಉಪ್ಪು ಸುಮಾರು 46 ಕಿಲೋ ಐಸ್ ಕರಗಿಸಬಲ್ಲದು. ಮೈನಸ್ 7ಕ್ಕೆ ಇಳಿದರೆ ಒಂಬತ್ತು ಕಿಲೋ ಕೂಡ ಆಗದು. ಮೈನಸ್ 12ಕ್ಕೆ ಐದು ಕಿಲೋಗೂ ಕಡಿಮೆ, ಅದೂ ಆಮೆವೇಗದಲ್ಲಿ. ಅಂಥ ಚಳಿಯಲ್ಲಿ ತಿರುವುಗಳಿಗೆ, ಏರುಗಳಿಗೆ ಮರಳು ಹಾಕುತ್ತೇವೆ. ಮರಳು ಏನನ್ನೂ ಕರಗಿಸದು, ಟೈರಿಗೆ ಹಿಡಿತ ಕೊಡುತ್ತದೆ, ಅಷ್ಟೇ. ವಸಂತದಲ್ಲಿ ಅಷ್ಟನ್ನೂ ನಾವೇ ಗುಡಿಸಬೇಕು.

ಇನ್ನೊಂದು ಸಂದರ್ಭವಿದೆ, ಹೊಸ ಡ್ರೈವರುಗಳಿಗೆ ಒಪ್ಪಿಸುವುದು ಕಷ್ಟ. ಕಡುಚಳಿ, ಒಣ ಹಿಮ, ಬೀಸುಗಾಳಿ. ರಸ್ತೆ ಒಣಗಿದೆ, ಹಿಮದ ಪುಡಿ ಅದರ ಮೇಲೆ ತೇಲಿಕೊಂಡು ಆಚೆಗೆ ಹೋಗುತ್ತಿದೆ. ಆಗ ಉಪ್ಪು ಹಾಕಲೇಬಾರದು. ಹಾಕಿದರೆ ರಸ್ತೆ ಒದ್ದೆಯಾಗಿ, ಹಾರಿಹೋಗಬೇಕಿದ್ದ ಹಿಮವೆಲ್ಲ ಅಲ್ಲೇ ಹಿಡಿದುಕೊಂಡು ಐಸ್ ಆಗುತ್ತದೆ. ಕೈಕಟ್ಟಿ ಕೂರುವುದೂ ಆ ಹೊತ್ತಿನ ಕೆಲಸವೇ.

ಒಣ ಉಪ್ಪನ್ನು ಹಾಗೇ ಎರಚಿದರೆ ಕಲ್ಲುಪ್ಪಿನ ಹರಳು ಪುಟಿದು ಚರಂಡಿಗೆ ಬೀಳುತ್ತದೆ. ಅದಕ್ಕೇ ತಿರುಪಿನ ಬಾಯಲ್ಲೇ ಅದಕ್ಕೆ ಉಪ್ಪುನೀರು ಚಿಮುಕಿಸುತ್ತೇವೆ, ಉಪ್ಪು ಹಾಕುವಾಗ ನಿಧಾನಕ್ಕೆ ಓಡಿಸುತ್ತೇವೆ. ಒದ್ದೆ ಹರಳು ಬಿದ್ದಲ್ಲೇ ಕೂರುತ್ತದೆ, ಬೇಗ ಕೆಲಸಕ್ಕೂ ಇಳಿಯುತ್ತದೆ.

ಇಷ್ಟೆಲ್ಲ ಜಿಪುಣತನ ದುಡ್ಡಿಗಾಗಿ ಮಾತ್ರ ಅಲ್ಲ. ನಮ್ಮ ಊರಿನ ಮಳೆನೀರಿನ ಚರಂಡಿ ನೇರ ಕೆರೆಗೆ ಹೋಗುತ್ತದೆ, ನಡುವೆ ಶುದ್ಧೀಕರಣವಿಲ್ಲ. ಒಂದು ಟೀ ಚಮಚ ಉಪ್ಪು ಐದು ಗ್ಯಾಲನ್, ಅಂದರೆ ಸುಮಾರು 19 ಲೀಟರ್ ನೀರನ್ನು ಶಾಶ್ವತವಾಗಿ ಕೆಡಿಸುತ್ತದೆ ಎಂದು ಇಲ್ಲಿನ ರಾಜ್ಯದ ಮಾಲಿನ್ಯ ನಿಯಂತ್ರಣ ಸಂಸ್ಥೆ ತರಬೇತಿಯಲ್ಲಿ ಹೇಳಿಕೊಡುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡ್ ನೀರಿನಲ್ಲಿ ಲೀಟರಿಗೆ 230 ಮಿಲಿಗ್ರಾಂ ದಾಟಿ ಹಾಗೇ ಉಳಿದರೆ ಜಲಚರಗಳಿಗೆ ಅಪಾಯ. ಕೆರೆಗೆ ಬಿದ್ದ ಎಲೆ ಕೊಳೆಯುತ್ತದೆ, ಮಣ್ಣು ತಳಕ್ಕೆ ಕೂರುತ್ತದೆ, ಕ್ಲೋರೈಡ್ ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಉಪ್ಪುನೀರು ಭಾರವಾದ್ದರಿಂದ ಕೆರೆಯ ತಳದಲ್ಲಿ ತಂಗುತ್ತದೆ. ಬೋರ್‌ವೆಲ್ ನೀರು ಸವಳಾದ ಸೀಮೆಯಿಂದ ಬಂದವನಿಗೆ ಇದನ್ನು ಯಾರೂ ಎರಡು ಸಲ ಹೇಳಬೇಕಾಗಿಲ್ಲ. ಊರಿನ ಸಭೆಯಲ್ಲಿ “ಇನ್ನಷ್ಟು ಉಪ್ಪು ಹಾಕಿ” ಎಂದು ಒತ್ತಾಯ ಬಂದಾಗಲೆಲ್ಲ ನಾನು ಆ ಅಕ್ಟೋಬರಿನ ಚೀಟಿ, ಆ ದಿನದ ರಸ್ತೆ ತಾಪಮಾನ ಎರಡನ್ನೂ ಮುಂದಿಡುತ್ತೇನೆ. ಅಂಕಿ ಕಂಡ ಮೇಲೆ ಹೆಚ್ಚಿನವರು ಒಪ್ಪುತ್ತಾರೆ.

ಸರದಿಯ ಬಗ್ಗೆ ದೂರು ಸದಾ ಇದ್ದದ್ದೇ. ಆಸ್ಪತ್ರೆ ದಾರಿ, ಮುಖ್ಯರಸ್ತೆ, ಏರುರಸ್ತೆ, ಶಾಲಾ ಬಸ್ಸಿನ ದಾರಿ ಮೊದಲು. ಆಮೇಲೆ ಮನೆಗಳಿರುವ ಬೀದಿ. ದಾರಿ ಮುಗಿದುಹೋಗುವ ಗಲ್ಲಿಗಳು ಕೊನೆಗೆ, ಯಾಕೆಂದರೆ ಅಲ್ಲಿ ಲಾರಿ ಹಿಂದೆ ಮುಂದೆ ಆಡಿಸುತ್ತ ಹಿಮ ಇಡಲು ಜಾಗ ಹುಡುಕಬೇಕು. ಬೀದಿಯಲ್ಲಿ ಒಂದೇ ಒಂದು ಕಾರು ನಿಂತಿದ್ದರೂ ಅದನ್ನು ಬಳಸಿಕೊಂಡು ಹೋಗಬೇಕು. ಅಲ್ಲಿ ಉಳಿದ ಹಿಮ ಮಾರನೇ ದಿನ ಕಲ್ಲಾಗಿರುತ್ತದೆ.

ಈ ಸೀಮೆಗೆ ಹೊಸದಾಗಿ ಬಂದು ಮನೆ ಮಾಡಿದ ಕನ್ನಡಿಗರಿಗೆ ಒಂದೆರಡು ಮಾತು. ಮನೆ ಮುಂದಿನ ಹಿಮವನ್ನು ರಸ್ತೆಗೆ ತಳ್ಳಬೇಡಿ, ಇಲ್ಲಿ ಅದು ಕಾನೂನಿಗೆ ವಿರುದ್ಧ. ಡ್ರೈವ್‌ವೇಯಲ್ಲಿ, ಅಂದರೆ ಮನೆಯಿಂದ ರಸ್ತೆಗೆ ಕಾರು ಇಳಿಸುವ ದಾರಿಯಲ್ಲಿ, ರಸ್ತೆಗೆ ಮುಖ ಮಾಡಿ ನಿಂತರೆ ಪ್ಲೋ ನಿಮ್ಮ ಎಡಗಡೆಯಿಂದ ಬರುತ್ತದೆ. ಹಾಗಾಗಿ ಗೋರಿದ್ದನ್ನು ಬಲಗಡೆ ಹಾಕಿ, ಎಡಗಡೆ ರಸ್ತೆ ಅಂಚಿನಲ್ಲಿ ಕಾರು ಅಗಲದಷ್ಟು ಜಾಗ ಖಾಲಿ ಮಾಡಿಡಿ. ಬ್ಲೇಡಿನ ಹಿಮ ಅಲ್ಲೇ ಇಳಿದು, ನಿಮ್ಮ ಬಾಗಿಲಿಗೆ ಬರುವುದು ಸ್ವಲ್ಪವೇ. ಮನೆ ಹತ್ತಿರ ಅಗ್ನಿಶಾಮಕದ ಹೈಡ್ರಂಟ್ ಇದ್ದರೆ ಅದರ ಸುತ್ತಲೂ ಒಂದು ಮೀಟರ್ ತೆರವು ಮಾಡಿ. ನಮ್ಮ ಲಾರಿಗಳು ಅಲ್ಲಿಯವರೆಗೆ ಬರಲಾರವು.