ಬಿಸಿಲುನಾಡಿನ ಹಿತ್ತಲಿಗೆ ಎಂಥ ಕೋಳಿಗೂಡು ಒಗ್ಗುತ್ತದೆ?

ವಿಜಯಪುರ, ಬಾಗಲಕೋಟೆ ಕಡೆಯ ಹಿತ್ತಲಲ್ಲಿ ಐದಾರು ಕೋಳಿ ಸಾಕಬೇಕೆನ್ನುವವರು ಗೂಡನ್ನು ಆರಿಸುವಾಗ ಮೊದಲು ನೋಡಬೇಕಾದದ್ದು ಅದರೊಳಗೆ ಗಾಳಿ ಹೇಗೆ ಆಡುತ್ತದೆ ಎಂಬುದನ್ನು. ಅಂದ, ಬಣ್ಣ, ಬೆಲೆಗಳೆಲ್ಲ ಆಮೇಲಿನ ಮಾತು. ಕೋಳಿಗೆ ಬೆವರುವ ಗ್ರಂಥಿಗಳಿಲ್ಲ. ಕೊಕ್ಕು ತೆರೆದು ಏದುಸಿರು ಬಿಡುತ್ತ, ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದು ಅದು ತನ್ನ ಕಾವನ್ನು ಕಳೆದುಕೊಳ್ಳಬೇಕು. ಉಷ್ಣಾಂಶ 30-32 ಡಿಗ್ರಿ ದಾಟಿದ ಮೇಲೆ ಮೇವು ತಿನ್ನುವುದು ಕಡಿಮೆಯಾಗುತ್ತದೆ, ಮೊಟ್ಟೆಯ ಚಿಪ್ಪು ತೆಳುವಾಗುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ಮುಟ್ಟುವ ಊರಿನಲ್ಲಿ, ನಾಲ್ಕೂ ಕಡೆ ಹಲಗೆ ಹೊಡೆದು ಒಂದೇ ಕಿಂಡಿ ಬಿಟ್ಟ ಗೂಡು ಹಕ್ಕಿಯ ಜೀವಕ್ಕೇ ಕುತ್ತು ತರಬಹುದು. ಆನ್‌ಲೈನ್‌ನಲ್ಲಿ ಸಿಗುವ ಪುಟ್ಟ ಮನೆಯಾಕಾರದ ಗೂಡುಗಳಲ್ಲಿ ಅನೇಕವು ಚಳಿದೇಶದ ಮಾದರಿಯವು. ಉದ್ದದ ಎರಡು ಗೋಡೆಗಳಾದರೂ ಹೆಚ್ಚಿನ ಪಾಲು ಜಾಲರಿಯಾಗಿರದ ಗೂಡನ್ನು ಈ ಭಾಗದವರು ಕೊಳ್ಳದಿರುವುದೇ ಮೇಲು.

ಗೂಡಿನ ಉದ್ದವು ಪೂರ್ವ-ಪಶ್ಚಿಮವಾಗಿ ಬರುವಂತೆ ಇಟ್ಟರೆ ಸಂಜೆಯ ಕಡುಬಿಸಿಲು ಗಿಡ್ಡ ಗೋಡೆಗೆ ಮಾತ್ರ ಬೀಳುತ್ತದೆ; ಪಶ್ಚಿಮದ ಆ ಗೋಡೆಯನ್ನು ಪೂರ್ತಿ ಮುಚ್ಚಿದರೆ ಮುಂಗಾರಿನ ಎರಚಲೂ ಒಳಗೆ ಬರುವುದು ಕಡಿಮೆಯಾಗುತ್ತದೆ. ಬೇವಿನ ಮರದ ನೆರಳಿದ್ದರೆ ಬೇರೆ ಜಾಗ ಹುಡುಕಬೇಕಾಗಿಲ್ಲ. ಮಾಡಿಗೆ ಪತ್ರಾಸು, ಅಂದರೆ ತಗಡು, ಹಾಕುವುದು ಅಗ್ಗವಾದರೂ ಅದು ಮಧ್ಯಾಹ್ನ ರೊಟ್ಟಿಯ ಹಂಚಿನಂತೆ ಕಾಯುತ್ತದೆ. ಆದ್ದರಿಂದ ಮೇಲೆ ಸುಣ್ಣ ಬಳಿದು, ಬೇಸಿಗೆಯಲ್ಲಿ ಕಬ್ಬಿನ ರವದಿಯನ್ನೋ ಜೋಳದ ಕಣಕಿಯನ್ನೋ ಹೊದಿಸಿ, ಮಾಡು ಗೋಡೆಯಿಂದ ಎರಡು ಮೂರು ಅಡಿ ಹೊರಚಾಚಿರುವಂತೆ ನೋಡಿಕೊಳ್ಳಬೇಕು.

ಅಳತೆಯ ವಿಷಯದಲ್ಲಿ ಮಾರುವವರ ಮಾತನ್ನು ಪೂರ್ತಿ ನಂಬಬಾರದು. ಹಗಲೆಲ್ಲ ಹೊರಗೆ ಮೇಯುವ ಕೋಳಿಗೆ ರಾತ್ರಿ ತಂಗಲು ತಲಾ ಎರಡು ಚದರ ಅಡಿ ಸಾಲುತ್ತದೆ. ದಿನದ ಬಹುಪಾಲು ಒಳಗೇ ಇರುವುದಾದರೆ ಗೂಡಿನಲ್ಲಿ ತಲಾ ನಾಲ್ಕು, ಅದಕ್ಕೆ ಹೊಂದಿಕೊಂಡ ಜಾಲರಿಯ ಅಂಗಳದಲ್ಲಿ ಎಂಟು-ಹತ್ತು ಚದರ ಅಡಿ ಬೇಕು. ಇಕ್ಕಟ್ಟಾದರೆ ಅವು ಒಂದನ್ನೊಂದು ಕುಕ್ಕಿ ಪುಕ್ಕ ಕೀಳುತ್ತವೆ. ಜವಾರಿ ಹೇಂಟೆ ವರ್ಷಕ್ಕೆ ಒಂದೆರಡು ಬಾರಿಯಾದರೂ ಕಾವು ಕೂತು ಮರಿ ಮಾಡುವುದರಿಂದ, ಇಂದಿನ ಆರು ಕೋಳಿಯನ್ನು ನೋಡಿ ಗೂಡು ತಂದವರು ಬಲುಬೇಗ ಎರಡನೆಯದಕ್ಕೆ ಹಣ ಹೊಂದಿಸಬೇಕಾಗುತ್ತದೆ.

ತಳಿಯೂ ಗೂಡಿನ ಆಯ್ಕೆಯನ್ನು ಬದಲಿಸುತ್ತದೆ. ಜವಾರಿ ಕೋಳಿ ಹಗುರ, ಗೋಡೆ ಹಾರಿ ಮರ ಏರುತ್ತದೆ. ಅದರ ಅಂಗಳಕ್ಕೆ ಮೇಲೂ ಜಾಲರಿ ಬೇಕು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ರೂಪಿಸಿದ ಗಿರಿರಾಜ ಭಾರವಾದ ಹಕ್ಕಿ. ಎತ್ತರದ ಅಡ್ಡಗೋಲಿನಿಂದ ಧುಮುಕಿದರೆ ಅದರ ಪಾದಕ್ಕೆ ಪೆಟ್ಟಾಗಿ ಬಾವು ಬರಬಹುದು, ಹಾಗಾಗಿ ಒಂದೂವರೆ ಅಡಿಗಿಂತ ಮೇಲೆ ಗೋಲು ಕಟ್ಟಬಾರದು. ಗೋಲಿನ ಮೇಲೆ ಪ್ರತಿ ಕೋಳಿಗೆ ಎಂಟರಿಂದ ಹತ್ತು ಅಂಗುಲ ಜಾಗ ಬಿಡಬೇಕು. ಮೊಟ್ಟೆಯಿಡುವ ಗೂಡುಪೆಟ್ಟಿಗೆ ಎಲ್ಲ ಬದಿಗೂ ಒಂದೊಂದು ಅಡಿ ಇದ್ದು, ನಾಲ್ಕೈದು ಹೇಂಟೆಗಳಿಗೆ ಒಂದಿದ್ದರೆ ಸಾಕು. ಆದರೆ ಅದು ಅಡ್ಡಗೋಲಿಗಿಂತ ಕೆಳಗಿರಲಿ, ಇಲ್ಲವಾದರೆ ಕೋಳಿಗಳು ಅದರಲ್ಲೇ ಮಲಗಿ ಹೊಲಸು ಮಾಡುತ್ತವೆ.

ಇನ್ನು ರಾತ್ರಿಯ ಕಾವಲು. ಷಟ್ಕೋನ ಕಣ್ಣಿನ ತೆಳು ಕೋಳಿಜಾಲರಿಯು ಕೋಳಿಯನ್ನು ಒಳಗಿಡುತ್ತದೆಯೇ ಹೊರತು ನಾಯಿಯನ್ನು ಹೊರಗಿಡುವುದಿಲ್ಲ. ಅರ್ಧ ಅಂಗುಲ ಕಣ್ಣಿನ, ಬೆಸುಗೆ ಹಾಕಿದ, ಸತುವಿನ ಲೇಪವಿರುವ ಜಾಲರಿಯೇ ಬೇಕು. ಇಲಿ, ಹಾವು, ಮುಂಗುಸಿಗಳಿಗೂ ಅದು ತಡೆ. ಮುಂಗುಸಿ ನೆಲ ಕೆದರಿ ನುಗ್ಗಬಲ್ಲದು. ಜಾಲರಿಯನ್ನು ಒಂದಡಿ ಹೂಳಬೇಕು, ಇಲ್ಲವೇ ಸುತ್ತ ಫರಸಿ ಕಲ್ಲು ಹಾಸಬೇಕು. ಕಲ್ಲು ಸುಲಭವಾಗಿ ಸಿಗುವ ಬಾಗಲಕೋಟೆಯ ಕಡೆ ಎರಡನೆಯದೇ ಸಲೀಸು. ಕಾಡುಬೆಕ್ಕಿನ ಕಾಟವಿರುವಲ್ಲಿ ಬಾಗಿಲಿಗೆ ಬರೀ ಕೊಕ್ಕೆ ಸಾಲದು, ಚಿಲಕವಿರಬೇಕು.

ಹೆಚ್ಚಿನವರು ಲೆಕ್ಕಕ್ಕೆ ಹಿಡಿಯದ ಇನ್ನೊಂದು ಶತ್ರುವೆಂದರೆ ಕೋಳಿಯ ಉಣ್ಣಿ. ಹಗಲು ಮರದ ಸೀಳಿನಲ್ಲಿ, ಮಣ್ಣುಗೋಡೆಯ ಬಿರುಕಿನಲ್ಲಿ ಅಡಗಿ, ರಾತ್ರಿ ಹೊರಬಂದು ರಕ್ತ ಹೀರುವ ಈ ಜೀವಿಯು ಆಹಾರವಿಲ್ಲದೆ ತಿಂಗಳುಗಟ್ಟಲೆ ಬದುಕುತ್ತದೆ, ಪ್ರಾಣ ತೆಗೆಯುವ ಜ್ವರವನ್ನೂ ಹರಡುತ್ತದೆ. ಬಿಸಿಯಾದ ಒಣಪ್ರದೇಶ ಅದಕ್ಕೆ ಒಗ್ಗಿದ ತಾಣ. ಹಗಲು ಕೋಳಿಯ ಮೈಮೇಲೆ ಹುಡುಕಿದರೆ ಅದರ ಸುಳಿವು ಸಿಗುವುದೇ ಅಪರೂಪ. ಮರದ ಗೂಡಿಗಿಂತ ಕಬ್ಬಿಣದ ಚೌಕಟ್ಟಿನ ಗೂಡೇ ವಾಸಿ ಎಂದು ನಾನು ಹೇಳುವುದಕ್ಕೆ ಮುಖ್ಯ ಕಾರಣ ಇದೇ: ಸಂದುಗೊಂದು ಕಡಿಮೆ, ತೊಳೆಯುವುದು ಸುಲಭ. ಈಗಾಗಲೇ ಮರದ್ದಿದ್ದರೆ ಬಿರುಕುಗಳನ್ನು ಮುಚ್ಚಿ ಸುಣ್ಣ ಬಳಿಯುತ್ತಿರಬೇಕು.

ನೆಲಕ್ಕೆ ಎರಡು ಮೂರು ಅಂಗುಲ ಶೇಂಗಾ ಹೊಟ್ಟು ಹಾಸಿ ಆಗಾಗ ತಿರುವುತ್ತಿದ್ದರೆ ಸಾಕು. ಬಗ್ಗಿ ಕೋಳಿಯ ಮಟ್ಟದಲ್ಲಿ ಮೂಸಿದಾಗ ಕಣ್ಣುರಿಸುವ ವಾಸನೆ ಬಂದರೆ ಹಾಸು ಬದಲಿಸುವ ಕಾಲ ಬಂದಿದೆ ಎಂದೇ ಅರ್ಥ. ಬೆಳಗಾವಿ ಜಿಲ್ಲೆಯೆಂದರೆ ಎಲ್ಲವೂ ಒಂದೇ ಹವೆಯಲ್ಲ. ಅಥಣಿಗೆ ಈ ಮಾತುಗಳೆಲ್ಲ ಸಲ್ಲುತ್ತವೆ, ಆದರೆ ಮಳೆ ಸುರಿಯುವ ಖಾನಾಪುರದಲ್ಲಿ ಗೂಡನ್ನು ಎರಡು ಮೂರು ಅಡಿ ಕಂಬದ ಮೇಲೆ ಎತ್ತಿ, ಇಳಿಜಾರು ಮಾಡು ಹಾಕಿಸಿ, ಜಾಲರಿಗೆ ಇಳಿಬಿಡುವ ಪರದೆ ಕಟ್ಟಿಸುವುದು ಅಗತ್ಯ.

ಸಿದ್ಧ ಗೂಡಿಗೆ ಸುರಿಯುವ ಹಣದಲ್ಲಿ ಊರಿನ ವೆಲ್ಡಿಂಗ್ ಅಂಗಡಿಯವರಿಂದಲೇ ಹೇಳಿ ಮಾಡಿಸಿಕೊಳ್ಳುವುದು ಸಾಧ್ಯವೇ ಎಂದು ಮೊದಲು ವಿಚಾರಿಸಿ. ಹಗಲು ಹೊರಗೆ ಮೇಯುವ ಹತ್ತು ಕೋಳಿಗೆ ಆರಡಿ ಉದ್ದ, ನಾಲ್ಕಡಿ ಅಗಲ ಎಂದು ತಿಳಿಸಿ, ಮುಂಬದಿಯ ಎತ್ತರ ಆರಡಿ, ಹಿಂಬದಿಯದು ಐದಡಿ ಇರಲೆಂದೂ, ಬಾಗಿಲು ಮನುಷ್ಯರು ಒಳಹೊಕ್ಕು ಗುಡಿಸುವಷ್ಟು ದೊಡ್ಡದಾಗಿರಲೆಂದೂ, ಮೊಟ್ಟೆಯ ಪೆಟ್ಟಿಗೆಯ ಮುಚ್ಚಳ ಹೊರಗಿನಿಂದ ತೆರೆಯುವಂತಿರಲೆಂದೂ ಹೇಳಿ ಬನ್ನಿ.