ಮಳೆ ನಿಂತ ಮೇಲೆ ಜಿಪ್ಸಿಯ ಕ್ರೌನ್ ಆಯಿಲ್ ಬದಲಿಸುವುದು ಹೇಗೆ?

ಮಳೆ ನಿಂತಿದೆ, ಕಾಫಿ ಕೊಯ್ಲಿಗೆ ಇನ್ನೂ ಸ್ವಲ್ಪ ದಿನ ಇದೆ. ಮಲೆನಾಡು, ಕೊಡಗಿನ ಕಡೆ ಹಳೇ ಫೋರ್ ವೀಲ್ ಗಾಡಿ ಇಟ್ಟುಕೊಂಡವರು ಅದರ ಕೆಳಗೆ ಮಲಗಲು ಇದಕ್ಕಿಂತ ಒಳ್ಳೆ ಸಮಯ ಸಿಗುವುದಿಲ್ಲ. ಇಡೀ ಮಳೆಗಾಲ ಕೆಸರು, ಹಳ್ಳ ದಾಟಿದ ಗಾಡಿ ಇನ್ನು ಕೊಯ್ಲು ಮುಗಿಯುವವರೆಗೂ ಮೂಟೆ ಹೊರಬೇಕು.

ಎಂಜಿನ್ ಆಯಿಲ್ ಎಲ್ಲರೂ ಬದಲಿಸುತ್ತಾರೆ. ಗೇರ್‌ಬಾಕ್ಸ್, ಶಕ್ತಿಯನ್ನು ಹಿಂದಿನ ಮುಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್, ಹಿಂದೆ ಮುಂದೆ ಆಕ್ಸೆಲ್ ಮೇಲಿರುವ ಎರಡು ಡಿಫರೆನ್ಶಿಯಲ್ (ಇದರ ಆಯಿಲ್‌ಗೇ ಕ್ರೌನ್ ಆಯಿಲ್ ಎನ್ನುವುದು), ಈ ನಾಲ್ಕನ್ನು ಮಾತ್ರ ಶಬ್ದ ಬರುವವರೆಗೂ ಯಾರೂ ಮುಟ್ಟುವುದಿಲ್ಲ. ಶಬ್ದ ಬಂತು ಅಂದರೆ ಒಳಗೆ ಹಲ್ಲು ಸವೆದಾಗಿದೆ ಎಂದೇ ಅರ್ಥ.

ಇಲ್ಲಿ ಮಾರುತಿ ಜಿಪ್ಸಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. 1985ರಲ್ಲಿ ಬಂದ ಈ ಗಾಡಿ 1996ರಲ್ಲಿ 1.3 ಲೀಟರ್ ಎಂಜಿನ್ ಪಡೆದು ಜಿಪ್ಸಿ ಕಿಂಗ್ ಆಯಿತು. ಈಗ ಹೊಸದು ಸಿಗುವುದಿಲ್ಲ, ಇರುವುದನ್ನೇ ಕಾಪಾಡಿಕೊಳ್ಳಬೇಕು. ಹಳೇ ಮಹೀಂದ್ರ ಜೀಪ್ ಇದ್ದವರಿಗೂ ಕೆಲಸದ ಕ್ರಮ ಹೆಚ್ಚು ಕಡಿಮೆ ಇದೇ.

ಯಾವ ಆಯಿಲ್ ತರಬೇಕು?

ಅಂಗಡಿಯಲ್ಲಿ ಸುಮ್ನೆ ‘ಗೇರ್ ಆಯಿಲ್ ಕೊಡಿ’ ಎಂದು ಕೇಳಬೇಡಿ. ಡಬ್ಬದ ಮೇಲೆ ಆಯಿಲ್‌ನ ದರ್ಜೆ ಜಿಎಲ್-4 ಅಥವಾ ಜಿಎಲ್-5 ಎಂದೂ, ಅದು ಎಷ್ಟು ದಪ್ಪ ಎಂಬುದು 80ಡಬ್ಲ್ಯೂ-90 ಎಂಬಂತೆಯೂ ಬರೆದಿರುತ್ತದೆ, ಅದನ್ನು ನೋಡಿ. ಡಿಫರೆನ್ಶಿಯಲ್‌ಗೆ ಬೇಕಾಗುವುದು ಜಿಎಲ್-5, 80ಡಬ್ಲ್ಯೂ-90. ಅಲ್ಲಿ ಪಿನಿಯನ್ ಎಂಬ ಸಣ್ಣ ಗೇರಿನ ಹಲ್ಲುಗಳು ಕ್ರೌನ್ ವೀಲ್ ಎಂಬ ದೊಡ್ಡ ಗೇರಿನ ಮೇಲೆ ಉರುಳುವುದಷ್ಟೇ ಅಲ್ಲ, ಒತ್ತಿಕೊಂಡು ಜಾರುತ್ತವೆ. ಆ ಒತ್ತಡ ತಡೆಯಲು ಜಿಎಲ್-5ರಲ್ಲಿ ಗಂಧಕ, ರಂಜಕದ ಅಂಶ ಜಾಸ್ತಿ ಇರುತ್ತದೆ.

ಗೇರ್‌ಬಾಕ್ಸ್ ಕಥೆ ಬೇರೆ. ಗೇರ್ ಬೀಳುವಾಗ ವೇಗ ಹೊಂದಿಸುವ ಅದರ ಸಿಂಕ್ರೋ ರಿಂಗ್‌ಗಳು ಹಿತ್ತಾಳೆಯವು. ಡಿಫರೆನ್ಶಿಯಲ್‌ನ ಆಯಿಲ್ ಅದಕ್ಕೂ ಹಾಕಿದರೆ ರಿಂಗ್ ಸರಿಯಾಗಿ ಹಿಡಿಯದೆ ಗೇರ್ ಬೀಳುವಾಗ ಕಿರಿಕಿರಿ ಶುರುವಾಗಬಹುದು, ಕಾಲ ಕಳೆದಂತೆ ಹಿತ್ತಾಳೆಯೂ ಸವೆಯಬಹುದು. ಹಾಗಾಗಿ ಗೇರ್‌ಬಾಕ್ಸ್‌ಗೆ ಜಿಎಲ್-4, 75ಡಬ್ಲ್ಯೂ-90 ತನ್ನಿ. ಟ್ರಾನ್ಸ್‌ಫರ್ ಕೇಸ್‌ಗೆ ಮ್ಯಾನ್ಯುಯಲ್ ಹೇಳಿದ್ದನ್ನು ಹಾಕಿ. ಡಿಫರೆನ್ಶಿಯಲ್ ಎರಡಕ್ಕೂ ಸೇರಿ ಸುಮಾರು 4 ಲೀಟರ್, ಗೇರ್‌ಬಾಕ್ಸ್‌ಗೆ ಒಂದೂವರೆ, ಟ್ರಾನ್ಸ್‌ಫರ್ ಕೇಸ್‌ಗೆ 1 ಲೀಟರ್ ಕೈಯಲ್ಲಿದ್ದರೆ ಸಾಕು.

ಗಾಡಿಯನ್ನು ಐದಾರು ಕಿಲೋಮೀಟರ್ ಓಡಿಸಿ ತನ್ನಿ. ಆಯಿಲ್ ಬೆಚ್ಚಗಾದರೆ ತೆಳುವಾಗಿ ಪೂರ್ತಿ ಇಳಿಯುತ್ತದೆ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆಯಿರಿ, ಗೇರ್‌ನಲ್ಲಿ ಬಿಡಿ, ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಡಿ. ಟ್ರಾನ್ಸ್‌ಫರ್ ಲಿವರ್ ನ್ಯೂಟ್ರಲ್‌ನಲ್ಲಿ ಇರಲೇಬಾರದು. ಅದು ನ್ಯೂಟ್ರಲ್‌ನಲ್ಲಿದ್ದರೆ ಗಾಡಿ ಗೇರ್‌ನಲ್ಲಿದ್ದರೂ ಉರುಳುತ್ತದೆ. ಜಿಪ್ಸಿಯ ಕೆಳಗೆ ಕೈಯಾಡಿಸುವಷ್ಟು ಜಾಗ ಇದ್ದೇ ಇದೆ, ಜಾಕಿ ಬೇಡ. ಬರೀ ಜಾಕಿ ಮೇಲೆ ನಿಂತ ಗಾಡಿಯ ಕೆಳಗೆ ಯಾವತ್ತೂ ತಲೆ ಹಾಕಬೇಡಿ.

ಮೊದಲು ಮೇಲಿನ ನಟ್

ಡಿಫರೆನ್ಶಿಯಲ್‌ನ ಹೌಸಿಂಗ್‌ನಲ್ಲಿ, ಅಂದರೆ ಹೊರ ಕವಚದಲ್ಲಿ, ಎರಡು ನಟ್ ಇವೆ. ಮೇಲಿನದು ತುಂಬಿಸಲು, ಕೆಳಗಿನದು ಇಳಿಸಲು. ಮೊದಲು ಮೇಲಿನದನ್ನೇ ಬಿಚ್ಚಿ. ಹಳೇ ಗಾಡಿಯಲ್ಲಿ ಅದು ತುಕ್ಕು ಹಿಡಿದು ಕೂತಿರುವುದು ಮಾಮೂಲು. ಕೆಳಗಿಂದ ಆಯಿಲ್ ಎಲ್ಲ ಇಳಿಸಿಬಿಟ್ಟು, ಆಮೇಲೆ ಮೇಲಿನ ನಟ್ ಅಲ್ಲಾಡದಿದ್ದರೆ ಗಾಡಿ ನಿಂತಲ್ಲೇ ನಿಲ್ಲಬೇಕು, ಅಲ್ವಾ? ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಅಳತೆಗೆ ಸರಿಯಾದ ಸ್ಪ್ಯಾನರ್ ಮಾತ್ರ ಹಾಕಿ, ಇಲ್ಲದಿದ್ದರೆ ನಟ್‌ನ ಮೂಲೆಗಳು ಸವೆದು ಗುಂಡಗಾಗುತ್ತವೆ. ಸುತ್ತಲಿನ ಕೆಸರನ್ನು ಬ್ರಷ್‌ನಿಂದ ಉಜ್ಜಿದ ಮೇಲೆಯೇ ಬಿಚ್ಚಿ.

ಈಗ ಕೆಳಗೆ ಅಗಲವಾದ ಬೇಸಿನ್ ಇಟ್ಟು ಡ್ರೈನ್ ನಟ್ ತೆಗೆಯಿರಿ. ಆಯಿಲ್ ಇಳಿಯುತ್ತಿರುವಾಗ ಎದ್ದು ಹೋಗಬೇಡಿ. ಗಾಡಿಯ ಒಳಗಿನ ಸಂಗತಿ ತಿಳಿಯುವುದು ಈಗಲೇ. ಸ್ವಲ್ಪ ಬೆರಳಿಗೆ ತಗೊಂಡು ಹೆಬ್ಬೆರಳಿನಿಂದ ಉಜ್ಜಿ, ಬಿಸಿಲಿಗೆ ಹಿಡಿಯಿರಿ.

ಕಪ್ಪಗಿದ್ದು ನುಣ್ಣಗಿದ್ದರೆ ಬರೀ ಹಳೆಯದಾಗಿದೆ, ಅಷ್ಟೇ. ನಟ್‌ನ ತುದಿಯಲ್ಲಿ ಅಯಸ್ಕಾಂತ ಇದ್ದರೆ ಅದರ ಮೇಲೆ ಬೂದು ಬಣ್ಣದ ಲೇಹದಂಥ ಪುಡಿ ಕೂತಿರುತ್ತದೆ. ಇದೂ ಸಹಜ, ಒರೆಸಿ ತೆಗೆಯಿರಿ. ಉಗುರಿಗೆ ಸಿಗುವಷ್ಟು ದೊಡ್ಡ ಚೂರು ಬಂದರೆ ಮಾತ್ರ ಹೊಸ ಆಯಿಲ್ ತುಂಬಿ ಸುಮ್ಮನಾಗಬೇಡಿ, ಹೌಸಿಂಗ್ ಬಿಚ್ಚಿಸಿ ನೋಡಿಸಿ. ಗೇರ್‌ಬಾಕ್ಸ್ ಆಯಿಲ್‌ನಲ್ಲಿ ಚಿನ್ನದ ಬಣ್ಣದ ಮಿನುಗು ಕಂಡರೆ ಅದು ಸಿಂಕ್ರೋ ರಿಂಗ್‌ನ ಹಿತ್ತಾಳೆ.

ನಮ್ಮ ಮಳೆ ಸೀಮೆಯಲ್ಲಿ ಜಾಸ್ತಿ ಕಾಣುವುದು ಇನ್ನೊಂದು: ಹಾಲು ಬೆರೆಸಿದ ಕಾಫಿಯ ಹಾಗೆ ಇಳಿಯುವ ಆಯಿಲ್. ನೀರು ಸೇರಿದೆ ಎಂದು ಅರ್ಥ. ಓಡಿ ಬಿಸಿಯಾದ ಹೌಸಿಂಗ್ ತಣ್ಣನೆ ಹಳ್ಳಕ್ಕೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ, ಹೊರಗಿನದನ್ನು ಎಳೆದುಕೊಳ್ಳುತ್ತದೆ. ಹೌಸಿಂಗ್ ಮೇಲಿನ ಬ್ರೀದರ್ (ಗಾಳಿ ಆಡುವ ಸಣ್ಣ ಕಿಂಡಿ) ಸರಿಯಿದ್ದು ನೀರಿಗಿಂತ ಮೇಲಿದ್ದರೆ ಗಾಳಿ ಬರುತ್ತದೆ. ಅದಕ್ಕೆ ಕೆಸರು ಕಟ್ಟಿದ್ದರೆ ಸೀಲ್ ಸಂದಿಯಿಂದ ನೀರೇ ಬರುತ್ತದೆ. ಆದ್ದರಿಂದ ಬ್ರೀದರ್ ಸ್ವಚ್ಛ ಮಾಡದೆ ಆಯಿಲ್ ಬದಲಿಸಿದರೆ ಮುಂದಿನ ಹಳ್ಳದಲ್ಲಿ ಮತ್ತೆ ಅದೇ ಪಾಡು. ನೀರು ಸೇರಿದ್ದ ಹೌಸಿಂಗ್‌ಗೆ ಹೊಸ ಆಯಿಲ್ ಹಾಕಿ ಸ್ವಲ್ಪ ದಿನ ಓಡಿಸಿ, ಮತ್ತೊಮ್ಮೆ ಇಳಿಸಿ ಬದಲಿಸಿ. ಖರ್ಚು ಎನಿಸಬಹುದು, ಆದರೆ ಬೇರಿಂಗ್ ಉಳಿಯುತ್ತದೆ.

ಮುಂದಿನ ಚಕ್ರಗಳ ಒಳಬದಿಯನ್ನೂ ನೋಡಿ. ಸ್ಟೀರಿಂಗ್ ತಿರುಗುವ ಗುಂಡಿನ ಹತ್ತಿರ ಗಟ್ಟಿ ಗ್ರೀಸ್ ಬದಲು ತೆಳ್ಳನೆ ಎಣ್ಣೆ ಜಿನುಗುತ್ತಿದ್ದರೆ ಒಳಗಿನ ಆಕ್ಸೆಲ್ ಸೀಲ್ ಹೋಗಿದೆ, ಡಿಫರೆನ್ಶಿಯಲ್‌ನ ಆಯಿಲ್ ಅಲ್ಲಿಗೆ ಹರಿಯುತ್ತಿದೆ. ಸೀಲ್ ಬದಲಿಸದೆ ಎಷ್ಟು ತುಂಬಿಸಿದರೂ ಪ್ರಯೋಜನವಿಲ್ಲ.

ಪೂರ್ತಿ ಇಳಿದ ಮೇಲೆ ಡ್ರೈನ್ ನಟ್ ಒರೆಸಿ, ವಾಷರ್ ಇದ್ದರೆ ಹೊಸದು ಹಾಕಿ ಬಿಗಿ ಮಾಡಿ. ಮೇಲಿನ ತೂತಿಗೆ ಉದ್ದನೆ ಪೈಪ್ ಕೊಟ್ಟು ಆಲಿಕೆಯಿಂದ ನಿಧಾನ ಸುರಿಯಿರಿ. ಗೇರ್ ಆಯಿಲ್ ದಪ್ಪ, ಅವಸರ ಮಾಡಿದರೆ ಉಕ್ಕಿ ಬರುತ್ತದೆ. ತೂತಿನ ಕೆಳ ಅಂಚಿಗೆ ಬಂದು ಹನಿ ಹೊರಬಿದ್ದರೆ ಸಾಕು. ಜಾಸ್ತಿ ತುಂಬಿದ್ದು ಸೀಲ್ ದಾಟಿ ಬ್ರೇಕ್ ಡ್ರಮ್‌ಗೆ ಹೋಗಬಹುದು. ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ ಎರಡಕ್ಕೂ ಇದೇ ಕ್ರಮ. ಜಿಪ್ಸಿಯಲ್ಲಿ ಇವೆರಡೂ ಬೇರೆ ಬೇರೆ, ನಡುವೆ ಗಿಡ್ಡ ಶಾಫ್ಟ್ ಇದೆ. ಒಂದಕ್ಕೆ ಹಾಕಿದ್ದು ಇನ್ನೊಂದಕ್ಕೆ ಹೋಗುವುದಿಲ್ಲ.

ಬ್ರೇಕ್ ಆಯಿಲ್, ಕೂಲಂಟ್

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್-3 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಚಾರ್ಮಾಡಿಯಂಥ ಘಾಟಿ ಇಳಿಯುವಾಗ ಪೆಡಲ್ ಮೆತ್ತಗಾದರೆ ಇದೂ ಕಾರಣ ಇರಬಹುದು. ಎರಡು ವರ್ಷಕ್ಕೊಮ್ಮೆ ಬದಲಿಸಿ. ಬ್ರೇಕ್ ಪೈಪಿನ ಏರ್ ತೆಗೆದು ಅಭ್ಯಾಸ ಇಲ್ಲದವರು ಇದೊಂದನ್ನು ಗ್ಯಾರೇಜಿಗೆ ಬಿಡಿ, ಬ್ರೇಕ್ ಮೇಲೆ ಕೆಲಸ ಕಲಿಯುವುದು ಬೇಡ.

ಎಂಜಿನ್ ತಣಿಸುವ ಕೂಲಂಟ್‌ಗೆ ಬೋರ್‌ವೆಲ್ ನೀರು ಬೆರೆಸಬೇಡಿ, ಡಿಸ್ಟಿಲ್ಡ್ ವಾಟರ್ ಬೆರೆಸಿ. ರೇಡಿಯೇಟರ್ ಮುಚ್ಚಳವನ್ನು ಎಂಜಿನ್ ಪೂರ್ತಿ ತಣಿದ ಮೇಲೆಯೇ ತೆಗೆಯಿರಿ. ಇಳಿಸಿದ ಕೂಲಂಟ್ ಅಂಗಳದಲ್ಲಿ ಬಿಡಬೇಡಿ. ಅದರ ರುಚಿ ಸಿಹಿ, ನಾಯಿ ನೆಕ್ಕಿದರೆ ಸಾಯಬಹುದು.

ಹಳೇ ಆಯಿಲ್‌ ಅನ್ನು ಗೆದ್ದಲು ಬರದಿರಲಿ ಎಂದು ಬೇಲಿ ಗೂಟಕ್ಕೆ ಬಳಿಯುವವರಿದ್ದಾರೆ. ಮಳೆ ಬಂದಾಗ ಅದು ತೊಳೆದು ಹಳ್ಳಕ್ಕೇ ಸೇರುತ್ತದೆ. ಕ್ಯಾನಿಗೆ ತುಂಬಿ, ಹಳೇ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ. ಮರುದಿನ ಸ್ವಲ್ಪ ಓಡಿಸಿ ಬಂದು ಪ್ರತಿ ನಟ್ ಸುತ್ತ ಬೆರಳು ಆಡಿಸಿ. ತೇವ ಇದ್ದರೆ ಇನ್ನೊಂಚೂರು ಬಿಗಿ ಮಾಡಿ, ಕಿಲೋಮೀಟರ್ ಮತ್ತು ತಾರೀಖು ಬರೆದಿಡಿ.